ಕೈಯಾರೆ ಕಟ್ಟಿದ ರೀಫ್ ಗೋಡೆ ಕೈಕೊಟ್ಟಾಗ

ಉಪ್ಪುನೀರಿನ ಮೀನು, ಹವಳ ಸಾಕುವ ರೀಫ್ ಟ್ಯಾಂಕ್‌ನ ಹಿಂಬದಿಗೆಂದು ನಾನೇ ಕಟ್ಟಿದ, ಬಂಡೆಯಂತೆ ಕಾಣುವ ಮೊದಲ ಗೋಡೆ ಎರಡನೇ ರಾತ್ರಿಯೇ ತೇಲಿತು. ಮಲಗುವ ಹೊತ್ತಿಗೆ ಲಟ್ ಅಂತ ಒಂದು ಸದ್ದು. ದೀಪ ಹಾಕಿ ನೋಡಿದರೆ, ವಾರಗಟ್ಟಲೆ ಕೂತು ಕೆತ್ತಿದ ಬಂಡೆ ನೀರಿನ ಮೇಲೆ ಅಂಗಾತ ಮಲಗಿದೆ, ದೋಣಿಯ ಹಾಗೆ. ಪುಣ್ಯಕ್ಕೆ ಟ್ಯಾಂಕ್‌ಗೆ ಇನ್ನೂ ಮೀನು ಬಿಟ್ಟಿರಲಿಲ್ಲ. ಎರಡನೇ ಗೋಡೆ ತೇಲಲಿಲ್ಲ. ಅದರ ತಂಟೆ ಬೇರೆ: ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಯಲೇ ಇಲ್ಲ. ನಾನು ಪಿಎಚ್ ಇಳಿಸುವ ದ್ರಾವಣ ಸುರಿಯುವುದು, ಎರಡು ದಿನಕ್ಕೆ ಅದು ಮತ್ತೆ ಏರಿ ಕೂರುವುದು. ಸುಮಾರು ದಿನ ಇದೇ ಆಟ ನಡೆಯಿತು.

ನೀರಿಗೆ ಮದ್ದು ಹಾಕುತ್ತಿದ್ದೆನೇ ಹೊರತು ಗೋಡೆಯ ಕಡೆ ನೋಡುತ್ತಿರಲಿಲ್ಲ. ಇಂಥ ಗೋಡೆಯ ತೊಂದರೆಗಳ ಬೇರು ಹೆಚ್ಚಾಗಿ ಮೂರೇ ಕಡೆ ಇರುತ್ತದೆ. ಸಿಮೆಂಟ್ ಸುಣ್ಣ ಬಿಡುತ್ತದೆ. ಫೋಮ್ ಮೇಲೇಳಲು ನೋಡುತ್ತದೆ. ಗೋಡೆಯ ಹಿಂದೆ ನೀರು ನಿಂತುಹೋಗುತ್ತದೆ. ಕಣ್ಣಿಗೆ ಕಾಣುವ ಲಕ್ಷಣ ಯಾವುದೇ ಇರಲಿ, ಮೊದಲು ಈ ಮೂರರಲ್ಲಿ ಯಾವುದು ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಬರೆದಿರುವುದು ಫೋಮ್ ಅಥವಾ ಥರ್ಮಾಕೋಲ್ ಹಲಗೆಯ ಮೇಲೆ ಸಿಮೆಂಟ್ ಇಲ್ಲವೇ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ರಾಳ) ಬಳಿದು, ಸಿಲಿಕೋನ್ ಹಾಕಿ ಹಿಂಬದಿ ಗಾಜಿಗೆ ಅಂಟಿಸಿದ ಗೋಡೆಗಳ ಬಗ್ಗೆ.

## ಕೈ ಹಾಕುವ ಮುಂಚೆ

ನೀರಿಗೆ ಕೈ ಇಳಿಸುವ ಮುಂಚೆ ಪಂಪ್, ಹೀಟರ್, ದೀಪ ಎಲ್ಲದರ ಪ್ಲಗ್ ತೆಗೆಯಿರಿ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಟ್ಯಾಂಕ್‌ನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಪ್ರತಿ ವೈರೂ ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಲಿ. ವೈರ್ ಹಿಡಿದು ಇಳಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ ಒಳಗೆ ಹೋಗುವುದಿಲ್ಲ. ನೀರು ಮುಟ್ಟಿದಾಗ ಚುರುಚುರು ಅಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಕರೆಸಿ.

ಹಸಿ ಸಿಮೆಂಟ್ ಚರ್ಮವನ್ನು ಸುಡುತ್ತದೆ. ಮುಟ್ಟಿದ ಕೂಡಲೇ ಗೊತ್ತಾಗುವುದಿಲ್ಲ, ಗಂಟೆಗಳ ಮೇಲೆ ಉರಿ ಶುರುವಾಗುತ್ತದೆ. ಒಣ ಸಿಮೆಂಟ್ ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಕೈಗವಸು, ಕನ್ನಡಕ, ಮಾಸ್ಕ್ ಮೂರೂ ಹಾಕಿಕೊಳ್ಳಿ. ಸ್ಪ್ರೇ ಫೋಮ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಸಾಮಾನು ಜಾಸ್ತಿ ಬೇಕಿಲ್ಲ. ಪಿಎಚ್ ಮೀಟರ್ ಅಥವಾ ಟೆಸ್ಟ್ ಕಿಟ್, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಅಳೆಯುವ ಕಿಟ್, ಎರಡು ಬಕೆಟ್, ಉದ್ದನೆ ಟ್ಯೂಬ್ ಸಿಕ್ಕಿಸಿದ ದೊಡ್ಡ ಸಿರಿಂಜ್, ಟಾರ್ಚ್, ಒಂದು ಹಳೆಯ ಪ್ಲಾಸ್ಟಿಕ್ ಕಾರ್ಡ್. ಇವುಗಳ ಜೊತೆ ಗೋಡೆಗೆ ಕಲಸಿದ ಅದೇ ಗಾರೆಯಿಂದ ಮಾಡಿದ ಅಂಗೈ ಅಗಲದ ಒಂದು ತುಂಡು. ನಾನು ಇದನ್ನು ಸಾಕ್ಷಿ ತುಂಡು ಅನ್ನುತ್ತೇನೆ. ಕಟ್ಟುವಾಗಲೇ ಎತ್ತಿಟ್ಟಿದ್ದರೆ ನೀವು ಜಾಣರು. ಇಲ್ಲದಿದ್ದರೆ ಗೋಡೆಯ ಕಾಣದ ಮೂಲೆಯಿಂದ ಒಂದು ಚಕ್ಕೆ ಒಡೆದುಕೊಳ್ಳಿ.

## ಪಿಎಚ್ ಏರಿ ಕೂತಿದೆ

ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ರೀಫ್ ಟ್ಯಾಂಕ್‌ನಲ್ಲಿ ಪಿಎಚ್ 7.8ರಿಂದ 8.4ರ ನಡುವೆ ಇದ್ದರೆ ಸರಿ. 8.6 ದಾಟಿ ಅಲ್ಲೇ ನಿಂತರೆ ಕಾರಣ ಹುಡುಕಲೇಬೇಕು.

ಮೊದಲು ಮೀಟರ್ ಮೇಲೆಯೇ ಅನುಮಾನ ಪಡಿ. ಪಿಎಚ್ 7 ಮತ್ತು 10ರ ದ್ರಾವಣದಲ್ಲಿ ಅದ್ದಿ ಸರಿಹೊಂದಿಸಿ, ಆಮೇಲೆ ಅಳೆಯಿರಿ. ಮೀಟರ್ ಕೆಟ್ಟಿದ್ದು ಗೊತ್ತಾಗದೆ ಒಳ್ಳೆಯ ಗೋಡೆಯನ್ನೇ ಕಿತ್ತುಹಾಕಿದವರಿದ್ದಾರೆ.

ಮೀಟರ್ ಸರಿ ಇದ್ದರೆ ಹೊತ್ತು ನೋಡಿ. ಹಗಲು ದೀಪ ಉರಿಯುವಾಗ ಪಾಚಿಗಳು, ಹವಳದೊಳಗಿನ ಪಾಚಿಕಣಗಳು ನೀರಿನ ಇಂಗಾಲದ ಡೈಆಕ್ಸೈಡ್ ಹೀರುತ್ತವೆ, ಪಿಎಚ್ ಏರುತ್ತದೆ. ರಾತ್ರಿ ಅದು ಇಳಿಯುತ್ತದೆ. ಅದಕ್ಕೇ ಸಂಜೆಯ ಒಂದು ಅಳತೆ ನೋಡಿ ಗಾಬರಿ ಬೀಳಬಾರದು. ದೀಪ ಹತ್ತುವ ಮುಂಚೆ, ಬೆಳಗಿನ ಜಾವ ಅಳೆಯಿರಿ. ರಾತ್ರಿಯಿಡೀ ಕತ್ತಲಿದ್ದ ಮೇಲೂ 8.6 ತೋರಿಸಿದರೆ ಪಾಚಿಯ ತಪ್ಪಲ್ಲ.

ಈಗ ಆಲ್ಕಲಿನಿಟಿ ಅಳೆಯಿರಿ. ಸಾಮಾನ್ಯವಾಗಿ 7ರಿಂದ 11 ಡಿಕೆಎಚ್ (ಆಲ್ಕಲಿನಿಟಿಯ ಮಾನ) ಇರಬೇಕು. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟುತ್ತದೆ. ಅದು ನಮ್ಮ ಅರಳಿದ ಸುಣ್ಣವೇ. ಹೊಸ ಸಿಮೆಂಟಿನ ಸಣ್ಣ ರಂಧ್ರಗಳಲ್ಲಿ ನಿಂತ ನೀರಿನ ಪಿಎಚ್ 12ಕ್ಕಿಂತ ಮೇಲಿರುತ್ತದೆ. ಅದು ಟ್ಯಾಂಕ್‌ಗೆ ಇಳಿದರೆ ಪಿಎಚ್ ಜೊತೆಗೆ ಆಲ್ಕಲಿನಿಟಿಯೂ ಏರುತ್ತದೆ. ಪಾಚಿಯಿಂದಾದರೆ ಪಿಎಚ್ ಮಾತ್ರ ಏರುತ್ತದೆ, ಆಲ್ಕಲಿನಿಟಿ ಏರುವುದಿಲ್ಲ. ಎರಡೂ ಏರುತ್ತಿದ್ದು, ನೀವು ಬೇರೇನೂ ಹಾಕುತ್ತಿಲ್ಲ ಅಂದರೆ ಗೋಡೆ ಸುಣ್ಣ ಬಿಡುತ್ತಿದೆ.

ಒಂದು ಮೋಸ ಇದೆ. ಪಿಎಚ್ ತೀರಾ ಏರಿದಾಗ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಸೇರಿ ಬಿಳಿ ಪುಡಿಯಾಗಿ ಉದುರಿಹೋಗುತ್ತವೆ. ಆಗ ಆಲ್ಕಲಿನಿಟಿ ಏರುವ ಬದಲು ಇಳಿಯುತ್ತದೆ. ಪಿಎಚ್ ಜಾಸ್ತಿ, ಆಲ್ಕಲಿನಿಟಿ ಕಡಿಮೆ, ಹೀಟರ್ ಮೇಲೆ ಮತ್ತು ಪಂಪಿನ ಚಕ್ರದ ಮೇಲೆ ಬಿಳಿ ಹೊಟ್ಟು ಕಟ್ಟಿದೆ. ಈ ಮೂರು ಒಟ್ಟಿಗೆ ಕಂಡರೂ ಕಾರಣ ಸುಣ್ಣವೇ. ಇದು ತಿಳಿಯದೆ ಆಲ್ಕಲಿನಿಟಿ ಇಳಿಯಿತೆಂದು ಅದನ್ನು ಏರಿಸುವ ಬಫರ್ ಪುಡಿ ಹಾಕಿದರೆ ಪುಡಿ ಉದುರುವುದು ಇನ್ನೂ ಜೋರಾಗುತ್ತದೆ.

ಖಚಿತ ಮಾಡಿಕೊಳ್ಳಲು ಬಕೆಟ್ ಪರೀಕ್ಷೆ ಮಾಡಿ. ಎರಡು ಬಕೆಟ್‌ಗೂ ಹೊಸದಾಗಿ ಕಲಸಿದ ಉಪ್ಪುನೀರು ಹಾಕಿ, ಎರಡರಲ್ಲೂ ಗಾಳಿಗುಳ್ಳೆ ಬಿಡುವ ಗಾಳಿಕಲ್ಲು ಇಡಿ. ಒಂದಕ್ಕೆ ಮಾತ್ರ ಸಾಕ್ಷಿ ತುಂಡು. 24 ಗಂಟೆ ಬಿಟ್ಟು ಎರಡರ ಪಿಎಚ್ ಅಳೆಯಿರಿ. ವ್ಯತ್ಯಾಸ 0.1ರೊಳಗೆ ಇದ್ದರೆ ಗೋಡೆಯನ್ನು ದೂರಬೇಡಿ. 0.3 ಅಥವಾ ಹೆಚ್ಚಿದ್ದರೆ ಅದು ಇನ್ನೂ ಮಾಗಿಲ್ಲ. ಈ ಪರೀಕ್ಷೆಯನ್ನು ತುಂಬಾ ಜನ ಆರ್‌ಓ ನೀರಿನಲ್ಲಿ ಮಾಡಿ 10 ತೋರಿಸಿತು ಅಂತ ಹೆದರುತ್ತಾರೆ. ಆರ್‌ಓ ನೀರಿಗೆ ತಡೆಯುವ ಶಕ್ತಿಯೇ ಇಲ್ಲ, ಚಿಟಿಕೆ ಸುಣ್ಣಕ್ಕೂ ಅದು ಜಿಗಿಯುತ್ತದೆ. ನೆನೆಹಾಕಲು ಸಾದಾ ನೀರು ಸರಿ, ತೀರ್ಮಾನಕ್ಕೆ ಉಪ್ಪುನೀರೇ ಬೇಕು.

ಟ್ಯಾಂಕ್‌ನಲ್ಲಿ ಜೀವಿಗಳಿಲ್ಲದಿದ್ದರೆ ಮದ್ದು ಸುಲಭ: ಸಾದಾ ನೀರು ತುಂಬಿ, ಪಂಪ್ ಓಡಿಸಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಕಟ್ಟಡದವರು ಹೇಳುವ 28 ದಿನದ ಕ್ಯೂರಿಂಗ್ ಗಟ್ಟಿತನದ ಲೆಕ್ಕ. ಸುಣ್ಣ ಬಿಡುವುದು ಅದಕ್ಕೂ ಮುಂದೆ ನಡೆಯುತ್ತದೆ. ಬಿಳಿ ವಿನೆಗರ್ ಸ್ವಲ್ಪ ಸೇರಿಸಿದರೆ ಬೇಗ ಆಗುತ್ತದೆ ಅನ್ನುವುದು ಅರ್ಧ ನಿಜ. ಮೇಲ್ಮೈಯ ಸುಣ್ಣ ಮಾತ್ರ ತಣ್ಣಗಾಗುತ್ತದೆ, ಒಳಗಿನದು ಆಮೇಲೆ ಜಿನುಗುತ್ತದೆ. ವಿನೆಗರ್ ಹಾಕಿದರೆ ಮತ್ತೆ ಒಂದು ವಾರ ಬರೀ ನೀರಿನಲ್ಲಿಟ್ಟು ಆಮೇಲೆ ಅಳೆಯಿರಿ. ಬಚ್ಚಲು ತೊಳೆಯುವ ಆ್ಯಸಿಡ್ ತರಬೇಡಿ. ಆ್ಯಸಿಡ್ ಯಾವುದೇ ಆಗಲಿ, ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಕುತ್ತು.

ಮೀನು, ಹವಳ ಆಗಲೇ ಇದ್ದರೆ ನಿಧಾನವಾಗಿ ಹೋಗಬೇಕು. ಗಾಳಿ ಜೋರಾಗಿ ಆಡಿಸಿ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಎಚ್ ತಗ್ಗಿಸುತ್ತದೆ. ದಿನಕ್ಕೆ ಹತ್ತು ಹದಿನೈದು ಪರ್ಸೆಂಟ್ ನೀರು ಬದಲಿಸಿ. ಕಾಲ್ಕ್‌ವಾಸರ್ ಹಾಕುತ್ತಿದ್ದರೆ ನಿಲ್ಲಿಸಿ, ಅದೂ ಸುಣ್ಣದ ತಿಳಿನೀರೇ ಅಲ್ವಾ? ಅಮೋನಿಯಾ ಕೂಡ ಅಳೆಯಿರಿ. ಪಿಎಚ್ ಏರಿದಷ್ಟೂ ಅದೇ ಅಮೋನಿಯಾದ ವಿಷದ ಪಾಲು ಹೆಚ್ಚುತ್ತದೆ. 8.2ರಲ್ಲಿ ಮೀನು ತಡೆದುಕೊಂಡ ಅಳತೆ 9ರಲ್ಲಿ ಕೊಲ್ಲಬಹುದು. 8.8 ದಾಟಿ ಇನ್ನೂ ಏರುತ್ತಿದ್ದರೆ ಪ್ರಯೋಗ ಸಾಕು, ಜೀವಿಗಳನ್ನು ಬೇರೆ ಟ್ಯಾಂಕ್‌ಗೆ ಸಾಗಿಸಿ.

## ನೀರು ಹಾಲಿನಂತಿದೆ

ಖರ್ಚೇ ಇಲ್ಲದ ಪರೀಕ್ಷೆ ಇದು. ಒಂದು ಗಾಜಿನ ಲೋಟಕ್ಕೆ ಟ್ಯಾಂಕ್ ನೀರು ತುಂಬಿ, ಕಪ್ಪು ಬಟ್ಟೆಯ ಮುಂದೆ ಇಟ್ಟು ಸುಮ್ನೆ ನೋಡಿ.

ಎರಡೇ ನಿಮಿಷದಲ್ಲಿ ಕೆಳಗಿನಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿಗುಳ್ಳೆ. ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಗೋಡೆಯೊಳಗಿನ ಪೊಳ್ಳಿನಿಂದ ಗಾಳಿ ಹೊರಬರುತ್ತಿದೆ. ಒಂದು ಗಂಟೆಯಲ್ಲಿ ತಳಕ್ಕೆ ಪುಡಿ ಕೂತರೆ ಮೇಲಿನ ನೀರು ಚೆಲ್ಲಿ, ಪುಡಿಯ ಮೇಲೆ ಕೆಲವು ಹನಿ ವಿನೆಗರ್ ಬಿಡಿ. ಬುಸ್ ಅಂತ ಸಣ್ಣ ನೊರೆ ಎದ್ದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೇಲಿನ 'ಪಿಎಚ್ ಏರಿ ಕೂತಿದೆ' ಭಾಗ ಓದಿ ಪಿಎಚ್ ನೋಡಿ. ಆದರೆ ಗೋಡೆಗೆ ಚಿಪ್ಪಿನ ಪುಡಿ ಅಥವಾ ಅರಗೊನೈಟ್ ಮರಳು ಕಲಸಿದ್ದರೆ ಅದೂ ನೊರೆ ಏಳಿಸುತ್ತದೆ, ಅದಕ್ಕೇ ಪಿಎಚ್ ಇಲ್ಲದೆ ತೀರ್ಮಾನಿಸಬೇಡಿ. ನೊರೆ ಏಳದಿದ್ದರೆ ಮರಳಿನ ಧೂಳು. ಎರಡು ದಿನ ದಟ್ಟ ಫಿಲ್ಟರ್ ಬಟ್ಟೆ ಹಾಕಿದರೆ ಹೋಗುತ್ತದೆ.

ಬೆಳಗಿನವರೆಗೂ ಹಾಗೇ ಮಬ್ಬಾಗಿದ್ದರೆ ಬ್ಯಾಕ್ಟೀರಿಯಾ. ಹೊಸ ಟ್ಯಾಂಕ್‌ನಲ್ಲಿ ಇದು ತಾನಾಗಿಯೇ ಹೋಗುತ್ತದೆ, ಗಾಳಿ ಮಾತ್ರ ಚೆನ್ನಾಗಿ ಆಡಲಿ, ಏಕೆಂದರೆ ಅವು ಆಮ್ಲಜನಕ ತಿನ್ನುತ್ತವೆ.

ನೀರಿನ ಮೇಲೆ ಎಣ್ಣೆ ಪೊರೆ, ಜೊತೆಗೆ ಬಣ್ಣದ ಡಬ್ಬಿಯಂಥ ವಾಸನೆ ಇದ್ದರೆ ಕತೆ ಬೇರೆ. ಎಪಾಕ್ಸಿ ಬಳಿದ ಜಾಗವನ್ನು ಉಗುರಿನಿಂದ ಒತ್ತಿ. ಗುರುತು ಉಳಿದರೆ, ಅಂಟಂಟಾಗಿದ್ದರೆ, ಎರಡು ಭಾಗ ಬೆರೆಸಿದ ಅಳತೆ ತಪ್ಪಿದೆ. ಅಂಥ ಎಪಾಕ್ಸಿ ಕಾದರೂ ಗಟ್ಟಿಯಾಗುವುದಿಲ್ಲ. ನೀರಿನ ಕೊಳೆ ಹೀರುವ ಕಾರ್ಬನ್ ಹಾಕಿ ಸಂಭಾಳಿಸುವ ಮಾತಲ್ಲ ಇದು. ಜೀವಿಗಳನ್ನು ತೆಗೆದು, ಗೋಡೆ ಹೊರಗಿಟ್ಟು, ಅಂಟುವ ಪದರ ಕೆರೆದು ಮತ್ತೆ ಬಳಿಯಬೇಕು.

## ಗೋಡೆ ಗಾಜಿನಿಂದ ಬಿಡುತ್ತಿದೆ

ನನ್ನ ಮೊದಲ ಗೋಡೆಯ ಲೆಕ್ಕವನ್ನೇ ಹೇಳುತ್ತೇನೆ. ಉದ್ದ 120 ಸೆಂ.ಮೀ., ಎತ್ತರ 50, ಫೋಮ್ ದಪ್ಪ ಸರಾಸರಿ 5. ಅಂದರೆ 30 ಲೀಟರ್ ಫೋಮ್. ಅದರ ಸ್ವಂತ ತೂಕ ಒಂದು ಕೆಜಿ ಆಸುಪಾಸು. ಅದು ಸರಿಸುವ ಸಮುದ್ರದ ನೀರಿನ ತೂಕ ಸುಮಾರು 31 ಕೆಜಿ. ಹಾಗಾಗಿ ಫೋಮ್ ಸುಮಾರು 30 ಕೆಜಿ ಬಲದಲ್ಲಿ ಮೇಲಕ್ಕೆ ತಳ್ಳುತ್ತದೆ. ಅದರ ಮೇಲೆ ಒಂದು ಸೆಂ.ಮೀ. ಗಾರೆ ಬಳಿದಿದ್ದೆ, ಅದು 6 ಲೀಟರ್. ನೆಲದ ಮೇಲೆ ಆ ಗಾರೆ 12 ಕೆಜಿಗೂ ಹೆಚ್ಚು ತೂಗುತ್ತದೆ, ನೀರಿನೊಳಗೆ ಆರೇಳು ಕೆಜಿ ಮಾತ್ರ. ಕೈಯಲ್ಲಿ ಎತ್ತಿದಾಗ 'ಅಬ್ಬಾ, ಎಷ್ಟು ಭಾರ, ಇದೆಲ್ಲಿ ತೇಲೀತು' ಅಂದುಕೊಂಡಿದ್ದೆ. ನೀರಿಗಿಳಿದ ಮೇಲೆ ಅದೇ ಗೋಡೆ ಇಪ್ಪತ್ತಮೂರು ಕೆಜಿ ಬಲದಲ್ಲಿ ಸಿಲಿಕೋನನ್ನು ಹಗಲೂ ರಾತ್ರಿ ಕೀಳುತ್ತಿತ್ತು.

ಬಿಡುವ ಲಕ್ಷಣ ಮುಂಚೆಯೇ ಕಾಣುತ್ತದೆ. ಟ್ಯಾಂಕ್ ಹಿಂದೆ ನಿಂತು ಗಾಜಿನ ಮೂಲಕ ಟಾರ್ಚ್ ಬಿಡಿ. ಸಿಲಿಕೋನ್ ಹಿಡಿದಿರುವ ಕಡೆ ಕಪ್ಪಾಗಿ, ಒದ್ದೆಯಾದ ಹಾಗೆ ಕಾಣುತ್ತದೆ. ಬಿಟ್ಟ ಕಡೆ ಬೆಳ್ಳಿಯಂತೆ ಹೊಳೆಯುವ ತೇಪೆ ಇರುತ್ತದೆ. ಆ ತೇಪೆಗಳ ಅಂಚನ್ನು ಹೊರಗಡೆಯಿಂದ ಮಾರ್ಕರ್‌ನಲ್ಲಿ ಬರೆದಿಟ್ಟು ಮೂರು ದಿನ ಬಿಟ್ಟು ನೋಡಿ. ಗೆರೆ ದಾಟಿ ಹರಡಿದ್ದರೆ ಬಿಡುತ್ತಿದೆ ಅಂತಲೇ ಅರ್ಥ. ಆಮೇಲೆ ಗೋಡೆಯ ಮೇಲಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿ. ಅಲ್ಲಾಡಬಾರದು. ಪ್ಲಾಸ್ಟಿಕ್ ಕಾರ್ಡ್ ಗಾಜು ಮತ್ತು ಗೋಡೆಯ ನಡುವೆ ಒಂದೆರಡು ಸೆಂ.ಮೀ. ಒಳಗಿಳಿದರೆ ಅಂಟು ಮೇಲಿನಿಂದ ಬಿಚ್ಚುತ್ತಿದೆ. ಚಾಕು ತೂರಿಸಬೇಡಿ. ಗಾಜಿನ ಮೂಲೆಯ ಜೋಡಣೆಯ ಸಿಲಿಕೋನ್ ಕೊಯ್ದುಹೋದರೆ ಗೋಡೆಯ ಸಮಸ್ಯೆ ಹೋಗಿ ಟ್ಯಾಂಕ್ ಸೋರುವ ಸಮಸ್ಯೆ ಶುರುವಾಗುತ್ತದೆ.

ಅಂಟು ಯಾಕೆ ಬಿಟ್ಟಿತು? ಗಾಜು ಅಥವಾ ಫೋಮ್ ಪೂರ್ತಿ ಒಣಗಿರಲಿಲ್ಲವೇನೋ. ಧೂಳು, ಎಣ್ಣೆ ಕೈ ಇತ್ತೇನೋ. ಅಂಟಿಸಿದ ಮಾರನೆ ದಿನವೇ ನೀರು ತುಂಬಿದಿರೇನೋ. ಸಿಲಿಕೋನ್ ಗಾಳಿಯ ತೇವ ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ದಿನಕ್ಕೆ ಎರಡು ಮೂರು ಮಿ.ಮೀ. ಅಷ್ಟೆ. ಅಗಲವಾದ ಹಲಗೆಯ ನಡುವೆ ಸಿಕ್ಕಿಕೊಂಡ ಸಿಲಿಕೋನ್ ಉಂಡೆ ವಾರವಾದರೂ ಒಳಗೆ ಹಸಿಯಾಗಿರುತ್ತದೆ. ಇನ್ನೊಂದು, ವಿನೆಗರ್ ವಾಸನೆಯ ಸಿಲಿಕೋನ್ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ. ಅದರಿಂದ ಹೊರಡುವ ಆಮ್ಲವೂ ಸಿಮೆಂಟಿನ ಸುಣ್ಣವೂ ಜಗಳಕ್ಕೆ ಬಿದ್ದು ನಡುವೆ ಪುಡಿ ಪದರ ಆಗುತ್ತದೆ. ಸಿಮೆಂಟ್ ಮುಖ ನೇರ ಗಾಜಿಗೆ ಅಂಟಬೇಕಾದರೆ ನ್ಯೂಟ್ರಲ್ ಸಿಲಿಕೋನ್ ಬೇಕು, ಅದರಲ್ಲೂ ಬೂಷ್ಟು ತಡೆಯುವ ಮದ್ದು ಸೇರಿಸದ್ದು.

ಒಂದು ಕೈಯಗಲ ಮಾತ್ರ ಬಿಟ್ಟಿದ್ದರೆ ತಾತ್ಕಾಲಿಕವಾಗಿ ಪಿವಿಸಿ ಪೈಪ್ ತುಂಡನ್ನು ಟ್ಯಾಂಕಿನ ಮೇಲಿನ ಗಾಜಿನ ಪಟ್ಟಿಗೂ ಗೋಡೆಯ ತಲೆಗೂ ನಡುವೆ ಬಿಗಿಯಾಗಿ ಸಿಕ್ಕಿಸಿ ಮೇಲೇಳದಂತೆ ತಡೆಯಬಹುದು. ಹದ ಮೀರಿ ಬಿಗಿದರೆ ಆ ಪಟ್ಟಿಯೇ ಬಿಟ್ಟೀತು. ಮೂರರಲ್ಲೊಂದು ಪಾಲು ಬಿಟ್ಟಿದ್ದರೆ ಇದು ಸಾಲದು. ನೀರು ಅರ್ಧಕ್ಕಿಳಿಸಿ, ನೀರಿಳಿದ ಹಾಗೆ ತಳ್ಳುವ ಬಲವೂ ಇಳಿಯುತ್ತದೆ. ಆಮೇಲೆ ಪುರುಸೊತ್ತಾಗಿ ಯೋಚಿಸಿ. ನೀರಿನೊಳಗೇ ಸಿಲಿಕೋನ್ ಹಾಕಿ ಸರಿಮಾಡುತ್ತೇನೆ ಅನ್ನುವುದು ಆಗದ ಮಾತು, ಒದ್ದೆ ಗಾಜಿಗೆ ಅದು ಹಿಡಿಯುವುದೇ ಇಲ್ಲ. ಖಾಲಿ ಮಾಡಿ, ಒಣಗಿಸಿ, ಅಂಟಿಸಬೇಕು. ಮತ್ತೆ ಅಂಟಿಸುವಾಗ ಬರೀ ಅಂಟನ್ನು ನಂಬಬೇಡಿ: ಗೋಡೆಯ ತಲೆ ಮೇಲಿನ ಗಾಜಿನ ಪಟ್ಟಿಯ ಅಡಿಗೆ ಸಿಕ್ಕಿಕೊಳ್ಳುವಂತೆ ಎತ್ತರ ಕೊಡಿ. ನನ್ನ ಈಗಿನ ಗೋಡೆ ನಿಂತಿರುವುದು ಹಾಗೇ.

## ಟ್ಯಾಂಕ್ ಕೆಳಗೆ ಒದ್ದೆ

ಮೊದಲು ಒರೆಸಿ, ಕೆಳಗೆ ಟಿಶ್ಯೂ ಹಾಸಿ. ಒಣಗಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿದರೆ ಟ್ಯಾಂಕ್ ನೀರು, ಇಲ್ಲದಿದ್ದರೆ ಬರೀ ಗಾಳಿಯ ತೇವ. ಉಪ್ಪು ಕಂಡರೆ ಗೋಡೆಯ ಮೇಲಂಚಿನಿಂದ ಸಿಡಿದದ್ದೋ ಅಂತ ನೋಡಿ, ಬಹಳ ಸಲ ಅಷ್ಟೇ ಇರುತ್ತದೆ. ಮೂಲೆಯ ಜೋಡಣೆಯಿಂದಲೇ ಜಿನುಗುತ್ತಿದ್ದರೆ ಕಾಯಬೇಡಿ. ನೀರು ಇಳಿಸಿ, ಟ್ಯಾಂಕ್ ಕಟ್ಟುವವರಿಗೆ ತೋರಿಸಿ. ಗೋಡೆ ಮುಚ್ಚಿಕೊಂಡಿರುವ ಜೋಡಣೆಗೆ ಒಳಗಿನಿಂದ ತೇಪೆ ಹಾಕಲು ಆಗುವುದಿಲ್ಲ.

## ಗೋಡೆ ಕಡೆಯಿಂದ ಕೊಳೆತ ಮೊಟ್ಟೆಯ ವಾಸನೆ

ಗೋಡೆಯ ಹಿಂದೆ, ಇಲ್ಲವೇ ಅದರೊಳಗಿನ ಪೊಳ್ಳಿನಲ್ಲಿ ನೀರು ನಿಂತಿದೆ. ಕಸ ಸೇರಿ, ಆಮ್ಲಜನಕ ಮುಗಿದು, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ. ಇದು ತುಂಬಾ ಕಡಿಮೆ ಪ್ರಮಾಣದಲ್ಲೇ ಮೀನನ್ನು ಕೊಲ್ಲುತ್ತದೆ. ವಾಸನೆ ಇಲ್ಲದೆ ಬರೀ ನೈಟ್ರೇಟ್ ಏರುತ್ತಾ ಇದ್ದು, ನೀರು ಬದಲಿಸಿದರೂ ಇಳಿಯದಿದ್ದರೆ ಅದರ ಮೊದಲ ಹಂತದಲ್ಲಿದ್ದೀರಿ.

ಸಿರಿಂಜಿನ ಟ್ಯೂಬನ್ನು ಗೋಡೆಯ ಹಿಂದೆ, ತಳದವರೆಗೆ ಇಳಿಸಿ ನಿಧಾನವಾಗಿ ಎಳೆಯಿರಿ. ರಭಸದಿಂದ ಕಲಕಬೇಡಿ, ವಿಷವನ್ನು ನೀವೇ ಟ್ಯಾಂಕ್‌ಗೆ ಹಂಚಿದ ಹಾಗಾಗುತ್ತದೆ. ಬಂದ ನೀರನ್ನು ಕಪ್ಪಿಗೆ ಹಾಕಿ ಮೂಸಿ, ನೈಟ್ರೇಟ್ ಅಳೆಯಿರಿ. ಮುಂದಿನ ನೀರೂ ಹಿಂದಿನ ನೀರೂ ಒಂದೇ ಅಳತೆ ಕೊಟ್ಟರೆ ಹರಿವು ಚೆನ್ನಾಗಿದೆ, ಕಾರಣ ಬೇರೆಲ್ಲೋ ಇದೆ. ಹಿಂದಿನದು ಜಾಸ್ತಿಯೋ ಕಡಿಮೆಯೋ ಇದ್ದರೆ, ಕಪ್ಪು ಕೆಸರು ಬಂದರೆ, ಉತ್ತರ ಸಿಕ್ಕಿತು.

ಕೆಸರು ಸ್ವಲ್ಪವಿದ್ದರೆ ದಿನಕ್ಕೊಂದು ಲೀಟರ್‌ನಂತೆ ಟ್ಯೂಬಿನಿಂದಲೇ ಎಳೆದು ಹೊರಹಾಕಿ. ಹಿಂದಿನ ಜಾಗಕ್ಕೆ ಒಂದು ಸಣ್ಣ ಪಂಪ್ ಇಳಿಸಿ, ಮೊದಲ ವಾರ ಅತಿ ಕಡಿಮೆ ವೇಗದಲ್ಲಿ ಓಡಿಸಿ. ಜಾಸ್ತಿ ಇದ್ದರೆ ಜೀವಿಗಳನ್ನು ಬೇರೆಡೆ ಸಾಗಿಸಿದ ಮೇಲೇ ಕೈ ಹಾಕಿ. ಆಗ ಕಿಟಕಿ, ಬಾಗಿಲು ತೆರೆದಿರಲಿ. ಈ ಅನಿಲಕ್ಕೆ ಮೂಗು ಬೇಗ ಸೋಲುತ್ತದೆ. ವಾಸನೆ ನಿಂತಿತು ಅಂದರೆ ಅನಿಲ ಹೋಯಿತು ಅಂತಲ್ಲ. ತಲೆ ಸುತ್ತಿದರೆ ತಕ್ಷಣ ಹೊರಗೆ ಬನ್ನಿ.

## ಹಿಂದಿನ ಪಂಪ್ ಗೊರಗೊರ ಅನ್ನುತ್ತಿದೆ

ಗೋಡೆಯ ಹಿಂದೆ ಪಂಪ್, ಹೀಟರ್ ಅಡಗಿಸಿಟ್ಟವರಿಗೆ ಇದು. ಹಿಂದಿನ ನೀರಿನ ಮಟ್ಟ ಮುಂದಿನದಕ್ಕಿಂತ ಒಂದೆರಡು ಬೆರಳು ಕೆಳಗಿದ್ದರೆ ನೀರು ಒಳಬರುವ ತೂತುಗಳು ಕಟ್ಟಿಕೊಂಡಿವೆ. ಹಲ್ಲುಜ್ಜುವ ಬ್ರಷ್‌ನಿಂದ ಜಾಲರಿ ತಿಕ್ಕಿ. ತಿಕ್ಕಿದ ಎರಡೇ ದಿನಕ್ಕೆ ಮತ್ತೆ ಇಳಿದರೆ ತೂತು ಸಾಲುತ್ತಿಲ್ಲ, ಪಂಪಿನ ವೇಗ ತಗ್ಗಿಸಿ. ಹೀಟರ್ ನೀರಿನಿಂದ ಹೊರಬಂದಿದ್ದರೆ ಪ್ಲಗ್ ತೆಗೆದು ತಣ್ಣಗಾಗಲು ಬಿಡಿ. ಬಿಸಿ ಗಾಜಿನ ಹೀಟರ್ ಮೇಲೆ ನೀರು ಬಿದ್ದರೆ ಅದು ಸೀಳುತ್ತದೆ.

ಮೀನೊಂದು ಕಾಣೆಯಾಗಿದೆಯಾ? ಅಲ್ಲೇ ಟಾರ್ಚ್ ಬಿಟ್ಟು ನೋಡಿ.

## ಗೋಡೆ ಕಂದಾಗಿದೆ, ಹಸಿರು ಕೂದಲು ಬೆಳೆದಿದೆ

ಮೊದಲ ಕೆಲವು ವಾರ ಬೆರಳಾಡಿಸಿದರೆ ಹೋಗುವ ಕಂದು ಪುಡಿ ಕಂಡರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಸಿಲಿಕೇಟ್ ತಿಂದು ಬೆಳೆಯುತ್ತದೆ. ಸಿಮೆಂಟ್, ಮರಳು ಎರಡರಲ್ಲೂ ಅದು ಇದೆ. ತಿಂದು ಮುಗಿಸಿ ತಾನೇ ಹೋಗುತ್ತದೆ, ಬಿಟ್ಟುಬಿಡಿ. ಎರಡು ತಿಂಗಳಾದರೂ ಹೋಗದಿದ್ದರೆ ಗೋಡೆಯನ್ನಲ್ಲ, ಆರ್‌ಓ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) ನೋಡಿ. ಸೊನ್ನೆಯ ಹತ್ತಿರ ಇರಬೇಕು.

ಹಸಿರು ಕೂದಲಿನಂಥ ಪಾಚಿ ಗೋಡೆಯ ಮೇಲೆ ಮಾತ್ರ, ಅದರಲ್ಲೂ ಕೆಲವು ತೇಪೆಗಳಲ್ಲಿ ಮಾತ್ರ ಬೆಳೆದರೆ ಗಾರೆಗೆ ಕಲಸಿದ ಚಿಪ್ಪು ಅಥವಾ ಹಳೆಯ ಕಲ್ಲಿನ ಪುಡಿ ಫಾಸ್ಫೇಟ್ ಬಿಡುತ್ತಿರಬಹುದು. ಸಾಕ್ಷಿ ತುಂಡನ್ನು ಹೊಸ ಉಪ್ಪುನೀರಿನಲ್ಲಿ ಒಂದು ವಾರ ಇಟ್ಟು ಫಾಸ್ಫೇಟ್ ಅಳೆಯಿರಿ. ಟ್ಯಾಂಕ್ ನೀರಿನ ಅಳತೆಯನ್ನೇ ನಂಬಬೇಡಿ, ಪಾಚಿ ಹೀರಿಕೊಳ್ಳುವುದರಿಂದ ಅದು ಕಡಿಮೆ ತೋರಿಸುತ್ತದೆ. ಗೋಡೆಯದ್ದೇ ಅಂತ ಖಾತ್ರಿಯಾದರೆ ಕಬ್ಬಿಣದ ಆಕ್ಸೈಡ್‌ನ ಫಾಸ್ಫೇಟ್ ಹೀರುಕ ಬಳಸಿ, ಕೈಯಿಂದ ಕಿತ್ತು ತೆಗೆಯುತ್ತಾ ಹೋಗಿ. ಇದಕ್ಕಾಗಿ ಗೋಡೆ ಕೀಳುವುದು ಅತಿಯಾಯಿತು.

## ಮೀನು ಚೆನ್ನಾಗಿವೆ, ಬಸವನಹುಳು ಸಾಯುತ್ತಿವೆ

ಈ ಲಕ್ಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಸವನಹುಳು, ಸೀಗಡಿ, ಹರ್ಮಿಟ್ ಏಡಿ ಒಂದೊಂದಾಗಿ ಸಾಯುತ್ತಾ ಮೀನುಗಳು ಮಾತ್ರ ಆರಾಮಾಗಿದ್ದರೆ ತಾಮ್ರದ ಮೇಲೆ ಅನುಮಾನ ಪಡಿ. ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರ ಚೂರೇ ಚೂರು ಸಾಕು.

ಮೊದಲು ಉಪ್ಪಿನಂಶ ನೋಡಿಬಿಡಿ, ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ 1.025ರ ಆಸುಪಾಸು ಇರಬೇಕು. ಅದು ಏರುಪೇರಾದರೂ ಇವು ಮೊದಲು ಸಾಯುತ್ತವೆ. ಅದು ಸರಿ ಇದ್ದರೆ ಗೋಡೆಯೊಳಗೆ ಏನು ಇಟ್ಟಿದ್ದೀರಿ ಅಂತ ನೆನಪಿಸಿಕೊಳ್ಳಿ. ಹಿತ್ತಾಳೆ ಸ್ಕ್ರೂ, ತಂತಿ? ಹಸಿರು, ನೀಲಿ ಬಣ್ಣದ ಪುಡಿ? ಆ ಬಣ್ಣಗಳಲ್ಲಿ ತಾಮ್ರ, ಕ್ರೋಮಿಯಂ, ಕೋಬಾಲ್ಟ್ ಇರಬಹುದು. ಕೆಂಪು, ಹಳದಿ, ಕಪ್ಪು ಸಾಮಾನ್ಯವಾಗಿ ಕಬ್ಬಿಣದ ಆಕ್ಸೈಡ್. ಗೋಡೆಯ ಮೇಲೆ ಹಸಿರು ಕಲೆ, ತುಕ್ಕಿನ ಚುಕ್ಕೆ ಇದೆಯಾ ನೋಡಿ. ತುಕ್ಕಿನ ಚುಕ್ಕೆಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತ ಹಿಡಿದರೆ ಒಳಗೆ ಕಬ್ಬಿಣವಿದ್ದರೆ ಎಳೆಯುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಕೂಡ ಸಮುದ್ರದ ನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಆದರೆ ಅಯಸ್ಕಾಂತ ಅದಕ್ಕೆ ಅಂಟದೆಯೂ ಇರಬಹುದು. ತಾಮ್ರದ ಟೆಸ್ಟ್ ಕಿಟ್‌ನಲ್ಲಿ ಬಣ್ಣ ಬಂದರೆ ಕಾರ್ಬನ್ ಹಾಕಿ, ಜೀವಿಗಳನ್ನು ಸಾಗಿಸಿ, ಲೋಹ ತೆಗೆಯಿರಿ. ಅದು ಒಳಗಿರುವ ತನಕ ನೀರು ಎಷ್ಟು ಬದಲಿಸಿದರೂ ವ್ಯರ್ಥ.

## ಮೇಲ್ಮೈ ಉದುರುತ್ತಿದೆ, ಬಿರುಕು ಬಿಟ್ಟಿದೆ

ಕೂದಲೆಳೆಯಂಥ ಬಿರುಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಕಲ್ಲಿನಂತೆ ಗಟ್ಟಿ ಪೊರೆ ಕಟ್ಟುವ ಕೋರಲೈನ್ ಪಾಚಿ ಮುಚ್ಚಿಬಿಡುತ್ತದೆ. ಬಿರುಕಿನ ಅಂಚು ಮೇಲೆದ್ದಿದ್ದರೆ ಒಳಗೆ ಏನೋ ಉಬ್ಬುತ್ತಿದೆ, ಹೆಚ್ಚಾಗಿ ತುಕ್ಕು ಹಿಡಿದ ಲೋಹ. ಸ್ಕ್ರೂಡ್ರೈವರ್‌ನ ಹಿಡಿಯಿಂದ ಗೋಡೆಯನ್ನು ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಕ್ ಅನ್ನುತ್ತದೆ, ಗಾರೆ ಫೋಮ್ ಬಿಟ್ಟಿರುವ ಕಡೆ ಡಬ್ ಅಂತ ಟೊಳ್ಳು ಸದ್ದು ಬರುತ್ತದೆ.

ಬೆರಳಿಂದ ಉಜ್ಜಿದರೆ ಮರಳು ಉದುರುತ್ತದೆಯೇ? ಗಾರೆಗೆ ನೀರು ಜಾಸ್ತಿ ಹಾಕಿದ್ದಿರಬೇಕು, ಅಥವಾ ಬಿಸಿಲಲ್ಲಿ ಬೇಗ ಒಣಗಿಸಿದ್ದಿರಬೇಕು. ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರು ಹಿಡಿದಿಟ್ಟುಕೊಂಡು ಗಟ್ಟಿಯಾಗುವುದು. ತೂತು ತೂತಾಗಲೆಂದು ಹರಳುಪ್ಪು ಸುರಿದವರ ಗೋಡೆಯೂ ಹೀಗೇ ಉದುರುತ್ತದೆ. ಉದುರಿದ ಜಾಗದಲ್ಲಿ ಫೋಮ್ ಕಂಡರೆ ಅಕ್ವೇರಿಯಂ ಎಪಾಕ್ಸಿಯಿಂದ ಮುಚ್ಚಿ. ಸೀ ಅರ್ಚಿನ್‌ಗಳು (ಮುಳ್ಳಿನ ಚೆಂಡಿನಂಥ ಸಮುದ್ರಜೀವಿಗಳು) ಫೋಮ್ ಕೆರೆಯುತ್ತವೆ, ಆ ಚೂರು ಪಂಪ್ ಸೇರುತ್ತವೆ.

## ಗೋಡೆ ಕೀಳಲೇಬೇಕಾದರೆ

ಮೇಲೆ ಯಾವ ಹವಳ ಬೆಳೆದಿದೆ ಅಂತ ಮೊದಲು ನೋಡಿ. ಅಂಗಿಯ ಗುಂಡಿಯಂತೆ ಕಾಣುವ ಜೊವಾಂಥಿಡ್ ಜಾತಿಯ ಹವಳಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷವಿದೆ. ಅಂಥ ಗೋಡೆಯನ್ನು ಬಿಸಿನೀರಿನಿಂದ ತೊಳೆಯಬೇಡಿ, ಕುದಿಸಬೇಡಿ, ಒಣಗಿದ ಮೇಲೆ ಬ್ರಷ್‌ನಿಂದ ಉಜ್ಜಬೇಡಿ. ಆವಿ, ಸಿಡಿದ ಹನಿ, ಧೂಳು ಯಾವುದು ಒಳಹೋದರೂ ಅಪಾಯ. ಕೆಲಸವಾದ ಮೇಲೆ ಬಾಯಲ್ಲಿ ಲೋಹದ ರುಚಿ, ಮೈನಡುಕ, ಉಸಿರಾಟದ ತೊಂದರೆ ಕಂಡರೆ ನೇರ ಆಸ್ಪತ್ರೆಗೆ ಹೋಗಿ, ಹವಳದ ವಿಷ ಇರಬಹುದು ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ನೀರು ಇಳಿಸುವಾಗ ಜೀವಿಗಳಿಗೆ ಬೇಕಾಗುವ ಹಳೇ ನೀರನ್ನು ಎತ್ತಿಡಿ. ಆಮೇಲೆ ಗೋಡೆ ಮತ್ತು ಗಾಜಿನ ನಡುವೆ ಮೀನು ಹಿಡಿಯುವ ನೈಲಾನ್ ದಾರ ತೂರಿಸಿ, ಎರಡು ತುದಿ ಹಿಡಿದು ಗರಗಸದಂತೆ ಆಚೆ ಈಚೆ ಎಳೆಯುತ್ತಾ ಕೆಳಗಿಳಿಯಿರಿ. ಎರಡೂ ಪಕ್ಕದ ಮೂಲೆಗಳಿಂದ ನಾಲ್ಕು ಬೆರಳು ದೂರದಲ್ಲೇ ನಿಲ್ಲಿಸಿ. ಅಲ್ಲಿ ಉಳಿದ ಗೋಡೆಯನ್ನು ಚೂರು ಚೂರಾಗಿ ಮುರಿದು ಬಿಡಿಸಬೇಕು, ಮೂಲೆಯ ಸಿಲಿಕೋನ್‌ಗೆ ದಾರ ತಾಗಬಾರದು. ಒಬ್ಬರು ದಾರ ಎಳೆಯುವಾಗ ಇನ್ನೊಬ್ಬರು ಗೋಡೆಗೆ ಕೈ ಕೊಟ್ಟಿರಲಿ. ಬಿಟ್ಟಾಗ ಅದು ಮುಂದಿನ ಗಾಜಿನ ಮೇಲೇ ಬೀಳುವುದು.